ಹಳೆ ಗಾಡಿಯ ಬಣ್ಣ ಕೀಳೋದು: ಉಜ್ಜೋದಾ, ಕೆಮಿಕಲ್ ಹಚ್ಚೋದಾ, ಬ್ಲಾಸ್ಟಿಂಗ್‌ಗೆ ಕೊಡೋದಾ?

ಹಳೆ ಗಾಡಿಯನ್ನು ಮತ್ತೆ ಹೊಸದರ ಹಾಗೆ ಮಾಡಬೇಕು ಅಂತ ಕೂತವರೆಲ್ಲ ಒಂದು ಹಂತದಲ್ಲಿ ಇಲ್ಲಿಗೇ ಬಂದು ಸಿಕ್ಕಿಕೊಳ್ಳುತ್ತಾರೆ. ಹಳೆ ಬಣ್ಣ ಉಜ್ಜಿ ತೆಗೆಯೋದಾ, ಪೇಂಟ್ ರಿಮೂವರ್ ಹಚ್ಚೋದಾ, ಬ್ಲಾಸ್ಟಿಂಗ್ (ಗಾಳಿಯ ಒತ್ತಡದಿಂದ ಸಣ್ಣ ಕಣ ಹೊಡೆದು ಬಣ್ಣ ಕೀಳುವುದು) ಮಾಡಿಸೋದಾ, ಇಲ್ಲ ಇಡೀ ಬಾಡಿಯನ್ನೇ ಕೆಮಿಕಲ್ ತೊಟ್ಟಿಯಲ್ಲಿ ಅದ್ದಿಸೋದಾ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬ್ಲಾಸ್ಟಿಂಗ್ ಮಾಡಿಸಿ ಚೆನ್ನಾಗಿ ಬಂದವರು ಅದನ್ನೇ ಹೊಗಳುತ್ತಾರೆ. ಬಾನೆಟ್ ಹಾಳು ಮಾಡಿಕೊಂಡವರು ಅದರ ಹೆಸರೆತ್ತಿದರೇ ಸಿಟ್ಟಾಗುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ, ಅದೇ ಕಷ್ಟ.

ನನ್ನ ಅನುಭವದಲ್ಲಿ ಬಣ್ಣ ಯಾವ ದಾರಿಯಲ್ಲಾದರೂ ಹೋಗುತ್ತದೆ. ಬಣ್ಣ ಹೋದ ಮೇಲೆ ತಗಡು ಯಾವ ಸ್ಥಿತಿಯಲ್ಲಿ ಉಳಿಯುತ್ತದೆ, ಸಂದುಗಳ ಒಳಗೆ ಏನು ಉಳಿಯುತ್ತದೆ, ಇವೆರಡನ್ನೇ ನೋಡಿ ಆರಿಸಬೇಕು. ಇಡೀ ಗಾಡಿಗೆ ಒಂದೇ ವಿಧಾನ ಅಂತ ಹಟ ಹಿಡಿಯಲೂಬೇಡಿ. ಒಂದೊಂದು ಪ್ಯಾನೆಲ್‌ಗೂ ಬೇರೆ ಬೇರೆ ಉತ್ತರ ಇರುತ್ತದೆ.

ಇದನ್ನು ನಾನು ಕಲಿತದ್ದು ಒಂದು ಡೋರ್‌ನಿಂದ. ರಿಮೂವರ್ ಜೆಲ್ ಹಚ್ಚಿ ಬಣ್ಣ ತೆಗೆದು, ನೀರು ಹಾಕಿ ತೊಳೆದು, ಒಣಗಿಸಿ, ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಹೊಡೆದು ಬಣ್ಣವನ್ನೂ ಹೊಡೆದೆ. ಕನ್ನಡಿ ಹಾಗೆ ಬಂತು. ಕೆಲವು ತಿಂಗಳು ಕಳೆದ ಮೇಲೆ ಡೋರ್‌ನ ಕೆಳಗಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಎದ್ದವು. ಸಾಲಾಗಿ, ದಾರಕ್ಕೆ ಪೋಣಿಸಿದ ಹಾಗೆ. ಉಗುರಿನಿಂದ ಕೆರೆದರೆ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬಂತು, ಅದರ ಕೆಳಗೆ ತಗಡು ಒದ್ದೆ ಒದ್ದೆ ಇತ್ತು. ಡೋರ್‌ನ ಹೊರ ತಗಡು ಒಳಗಿನ ಚೌಕಟ್ಟಿನ ಮೇಲೆ ಮಡಿಚಿಕೊಂಡಿರುತ್ತದೆ ಅಲ್ವಾ, ಆ ಮಡಿಕೆಯೊಳಗೆ ಹೊಕ್ಕ ಜೆಲ್ ತೊಳೆದರೂ ಹೋಗಿರಲಿಲ್ಲ. ಅದು ನಿಧಾನವಾಗಿ ಹೊರಗೆ ಜಿನುಗಿ ಹೊಸ ಬಣ್ಣವನ್ನು ಒಳಗಿನಿಂದಲೇ ತಿಂದಿತ್ತು. ಆ ದಿನದಿಂದ ನಾನು ಯಾವ ಪ್ಯಾನೆಲ್ ಕೈಗೆ ಬಂದರೂ ಮೊದಲು ಅದರ ಮಡಿಕೆ ಎಲ್ಲಿದೆ ಅಂತ ನೋಡುತ್ತೇನೆ.

ಆರಿಸುವ ಮೊದಲು ಏನೇನು ನೋಡಬೇಕು

ಮೊದಲನೆಯದು, ಬಾಡಿ ಯಾವುದರದ್ದು. ಎಲ್ಲವೂ ಉಕ್ಕು ಅಂದುಕೊಳ್ಳಬೇಡಿ. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್‌ನ ಬಾಡಿ ಪ್ಯಾನೆಲ್‌ಗಳು ಅಲ್ಯೂಮಿನಿಯಂ ಮಿಶ್ರಲೋಹದವು. 1953ರ ಅಮೆರಿಕದ ಕಾರ್ವೆಟ್ ಕಾರಿನ ಬಾಡಿ ಫೈಬರ್‌ಗ್ಲಾಸ್. ಉಕ್ಕಿನ ಬಾಡಿಯಲ್ಲೂ ಬಾನೆಟ್ ಮಾತ್ರ ಅಲ್ಯೂಮಿನಿಯಂ ಇರುವ ಗಾಡಿಗಳಿವೆ. ಒಂದು ಅಯಸ್ಕಾಂತ ಹಿಡಿದು ಇಡೀ ಗಾಡಿ ಸುತ್ತಿ ಬನ್ನಿ. ಅದು ಎಲ್ಲೂ ಹಿಡಿಯದಿದ್ದರೆ ಅಲ್ಯೂಮಿನಿಯಂ ಅಥವಾ ಫೈಬರ್. ಗಟ್ಟಿಯಾಗಿ ಹಿಡಿಯುತ್ತಿದ್ದದ್ದು ಒಂದು ಕಡೆ ಮಾತ್ರ ಸಡಿಲವಾದರೆ ಅಲ್ಲಿ ತಗ್ಗು ತುಂಬಲು ಹಾಕಿದ ದಪ್ಪ ಪುಟ್ಟಿಯೋ ಸೀಸವೋ ಇದೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್) ಆಸುಪಾಸು ಇರುತ್ತದೆ. ಮೀಟರ್ 600, 800 ತೋರಿಸಿದರೆ ಹಿಂದೆ ಯಾರೋ ಅಲ್ಲಿ ಕೈಯಾಡಿಸಿದ್ದಾರೆ ಅಂತ ಅರ್ಥ.

ಎರಡನೆಯದು, ಬಣ್ಣದಲ್ಲಿ ಸೀಸ ಇದೆಯಾ. ಹಳೆಯ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕೇಸರಿ, ಕೆಂಪಿನಲ್ಲಿ, ಸೀಸದ ಕ್ರೋಮೇಟ್ ಇರುವ ಸಾಧ್ಯತೆ ಜಾಸ್ತಿ. ಪರೀಕ್ಷೆಯ ಕಡ್ಡಿ ಸಿಗುತ್ತದೆ, ಒಂದು ಮೂಲೆಯಲ್ಲಿ ಎಲ್ಲ ಪದರಗಳೂ ಕಾಣುವ ಹಾಗೆ ಕೆರೆದು ನೋಡಿ. ಸೀಸ ಇದ್ದರೆ ನೀರು ಹಾಕದೆ ಒಣ ಒಣ ಉಜ್ಜುವ ಆಸೆ ಬಿಟ್ಟುಬಿಡಿ. ಆ ಧೂಳು ಬಟ್ಟೆಗೆ ಅಂಟಿ ಮನೆಯೊಳಗೆ ಬರುತ್ತದೆ, ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ದೊಡ್ಡದು.

ಮೂರನೆಯದು ತುಕ್ಕು ಎಲ್ಲಿದೆ ಅನ್ನೋದು. ಮೇಲೆಮೇಲೆ ಇದ್ದರೆ ಒಂದು ದಾರಿ, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್‌ಗಳ ಒಳಗಿನಿಂದ ಬರುತ್ತಿದ್ದರೆ ಬೇರೆಯೇ ದಾರಿ. ನಾಲ್ಕನೆಯದು, ಗಾಡಿ ಎಷ್ಟು ಬಿಚ್ಚಿದೆ. ಇಂಜಿನ್, ಗಾಜು, ವೈರಿಂಗ್ ಎಲ್ಲ ಹಾಗೇ ಇದ್ದರೆ ತೊಟ್ಟಿಯ ಮಾತೇ ಇಲ್ಲ. ಬ್ಲಾಸ್ಟಿಂಗ್‌ನ ಕಣ ಒಳಗೆ ಹೋದರೆ ಅದು ಬೇರಿಂಗ್‌ಗಳನ್ನು ತಿನ್ನುತ್ತದೆ.

ಜನ ಮರೆಯುವುದು ಐದನೆಯದನ್ನು. ಬಣ್ಣ ತೆಗೆದ ಮೇಲೆ ಎಷ್ಟು ಹೊತ್ತಿನಲ್ಲಿ ಪ್ರೈಮರ್ ಹೊಡೆಯಬಲ್ಲಿರಿ? ಬರಿ ಉಕ್ಕು ಕಾಯುವುದಿಲ್ಲ. ತೇವದ ಗಾಳಿ ಇದ್ದರೆ ಕೆಲವೇ ಗಂಟೆಗಳಲ್ಲಿ ತಿಳಿ ಕಂದು ತುಕ್ಕು ಹತ್ತುತ್ತದೆ. ಬೆವರಿದ ಕೈಯಿಂದ ಮುಟ್ಟಿದರೆ ಮಾರನೆಯ ದಿನ ನಿಮ್ಮ ಐದು ಬೆರಳೂ ತಗಡಿನ ಮೇಲೆ ತುಕ್ಕಿನಲ್ಲಿ ಮೂಡಿರುತ್ತವೆ. ವಾರಕ್ಕೆ ಒಂದು ಭಾನುವಾರ ಮಾತ್ರ ಕೆಲಸ ಮಾಡುವವರು ಇಡೀ ಬಾಡಿಯನ್ನು ಒಂದೇ ಸಲಕ್ಕೆ ಬೆತ್ತಲೆ ಮಾಡಬಾರದು. ದುಡ್ಡು, ಸಮಯ, ಜಾಗ ಇವು ಆಮೇಲಿನ ಮಾತು. ಅವು ಮುಖ್ಯವೇ, ಆದರೆ ಮೇಲಿನ ಐದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗೇ ಆಗಿರುತ್ತದೆ.

ಉಜ್ಜಿ ತೆಗೆಯುವುದು

ಕಡಿಮೆ ದುಡ್ಡು, ಜಾಸ್ತಿ ಬೆವರು. ಡ್ಯುಯಲ್ ಆಕ್ಷನ್ ಸ್ಯಾಂಡರ್‌ಗೆ (ತಿರುಗುತ್ತಲೇ ಅಲುಗುವ ಉಜ್ಜುವ ಮೆಷಿನ್) 80 ನಂಬರಿನ ಉಜ್ಜು ಕಾಗದ ಹಾಕಿ ಶುರು ಮಾಡಬಹುದು. ಜಾಲಿ ಜಾಲಿಯಾಗಿ, ಸ್ಪಂಜಿನ ಹಾಗೆ ಕಾಣುವ ಸ್ಟ್ರಿಪ್ಪಿಂಗ್ ಡಿಸ್ಕ್ ಇನ್ನೂ ಬೇಗ ಕೆಲಸ ಮಾಡುತ್ತದೆ. ಅದು ಬಣ್ಣ ತೆಗೆಯುತ್ತದೆ, ಉಕ್ಕನ್ನು ಹೆಚ್ಚು ತಿನ್ನುವುದಿಲ್ಲ. ಗ್ರೈಂಡರ್‌ಗೆ ಹಾಕುವ ಗಟ್ಟಿ ಕಲ್ಲಿನ ಡಿಸ್ಕ್ ಮಾತ್ರ ಬಾಡಿ ತಗಡಿನ ಹತ್ತಿರ ತರಬೇಡಿ. ಹಳೆ ಗಾಡಿಯ ತಗಡು ಸಾಮಾನ್ಯವಾಗಿ 0.9ರಿಂದ 1.2 ಮಿ.ಮೀ. ದಪ್ಪ. ಕಲ್ಲು ಒಂದು ಕ್ಷಣ ಒಂದೇ ಕಡೆ ನಿಂತರೆ ಅದರಲ್ಲಿ ಕಾಲು ಭಾಗ ಹೋಗಿರುತ್ತದೆ, ಮೇಲಿಂದ ಬಿಸಿಗೆ ತಗಡು ಸೊಟ್ಟಗಾಗುತ್ತದೆ.

ವೈರ್ ಬ್ರಷ್ ಚಕ್ರದ ಬಗ್ಗೆ ಒಂದು ಮಾತು. ಅದು ತುಕ್ಕನ್ನು ತೆಗೆದ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಗುಳಿಗಳ ಒಳಗಿನ ತುಕ್ಕನ್ನು ಪಾಲಿಶ್ ಮಾಡಿ ಕಪ್ಪಗೆ ಹೊಳೆಯುವ ಹಾಗೆ ಮಾಡಿರುತ್ತದೆ, ಅಷ್ಟೇ. ತಂತಿಗಳೂ ಕಿತ್ತು ಹಾರುತ್ತವೆ. ಕಣ್ಣಿಗೆ ಕನ್ನಡಕ ಸಾಲದು, ಮುಖ ಪೂರ್ತಿ ಮುಚ್ಚುವ ಶೀಲ್ಡ್ ಬೇಕು.

ಉಜ್ಜುವುದರಲ್ಲಿ ನನಗೆ ಇಷ್ಟವಾಗುವ ವಿಷಯ ಏನೆಂದರೆ ಗಾಡಿಯ ಕಥೆ ಪದರ ಪದರವಾಗಿ ಕಾಣುತ್ತದೆ. ಮೇಲೊಂದು ನೀಲಿ, ಅದರ ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ಇನ್ನೊಂದು ಹಸಿರು, ಆಮೇಲೆ ಇದ್ದಕ್ಕಿದ್ದಂತೆ ಬೆರಳಿನಷ್ಟು ದಪ್ಪದ ಗುಲಾಬಿ ಪುಟ್ಟಿ. ಒಂದು ಸಲ ಆ ಪುಟ್ಟಿಯ ಹಿಂದೆ ಮುದುಡಿದ ನ್ಯೂಸ್ ಪೇಪರ್ ಸಿಕ್ಕಿತ್ತು. ತಗಡೇ ಇರಲಿಲ್ಲ. ಕೈಯಲ್ಲಿ ಕೆಲಸ ಮಾಡುವಾಗ ಇಂಥದ್ದು ಸಿಕ್ಕರೆ ಅಲ್ಲೇ ನಿಲ್ಲಿಸಿ ಯೋಚಿಸಬಹುದು. ಬ್ಲಾಸ್ಟಿಂಗ್‌ನಲ್ಲಾದರೆ ವಾಪಸ್ ಬಂದ ಪ್ಯಾನೆಲ್‌ನಲ್ಲಿ ದೊಡ್ಡ ತೂತು ನೋಡಿ ಗಾಬರಿಯಾಗುತ್ತೀರಿ.

ಸಂದು, ಮೂಲೆ, ಹಿಂಜ್ ಸುತ್ತಮುತ್ತ ಮೆಷಿನ್ ಹೋಗುವುದಿಲ್ಲ. ಅದೇ ಇದರ ಮಿತಿ. ಆದರೆ ಅಲ್ಲಿ ಏನೂ ಸೇರಿಕೊಳ್ಳುವುದೂ ಇಲ್ಲ, ಆಮೇಲೆ ಜಿನುಗುವ ಭಯವೂ ಇಲ್ಲ. ಬಾನೆಟ್, ಟಾಪ್, ಡಿಕ್ಕಿಯ ಮುಚ್ಚಳದಂಥ ದೊಡ್ಡ ಚಪ್ಪಟೆ ಭಾಗಗಳಿಗೆ, ಬಿಡುವಿನಲ್ಲಿ ಒಂದೊಂದೇ ಪ್ಯಾನೆಲ್ ಮಾಡುವವರಿಗೆ ನನ್ನ ಮೊದಲ ಸಲಹೆ ಇದೇ.

ಕೆಮಿಕಲ್ ರಿಮೂವರ್

ಜೆಲ್ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಬಣ್ಣ ಸುಕ್ಕುಗಟ್ಟಿ ಏಳುತ್ತದೆ. ಸ್ಕ್ರೇಪರ್ ಇಟ್ಟು ತಳ್ಳಿದರೆ ರಿಬ್ಬನ್ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಧೂಳಿಲ್ಲ, ಬಿಸಿಯಿಲ್ಲ, ತಗಡಿಗೆ ಒಂದು ಗೀರೂ ಬೀಳುವುದಿಲ್ಲ. ಸೀಸದ ಬಣ್ಣ ಇದ್ದರೆ ಇದೇ ಮೇಲು, ಯಾಕೆಂದರೆ ಅದು ಗಾಳಿಗೆ ಏಳದೆ ಒದ್ದೆ ಕಸವಾಗಿ ಕೈಗೆ ಸಿಗುತ್ತದೆ. ಆ ಕಸವನ್ನು ಚರಂಡಿಗೆ ಬಿಡಬೇಡಿ, ಡಬ್ಬದಲ್ಲಿ ಕಟ್ಟಿ ಅಪಾಯಕಾರಿ ಕಸಕ್ಕೆ ಕೊಡಿ.

ಹಳೆಯ ಬಲವಾದ ರಿಮೂವರ್‌ಗಳಲ್ಲಿ ಇದ್ದದ್ದು ಡೈಕ್ಲೋರೋಮೀಥೇನ್. ಬೇಗ ಕೆಲಸ ಮಾಡುತ್ತದೆ, ಆದರೆ ಮುಚ್ಚಿದ ಜಾಗದಲ್ಲಿ ಅದರ ಆವಿ ಜೀವ ತೆಗೆದ ಉದಾಹರಣೆಗಳಿವೆ. ದೇಹದೊಳಗೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ಸಾಮಾನ್ಯ ಮಾಸ್ಕ್ ಇದನ್ನು ತಡೆಯುವುದಿಲ್ಲ. ಅಮೆರಿಕದಲ್ಲಿ 2019ರಿಂದ ಮನೆ ಬಳಕೆಯ ಪೇಂಟ್ ರಿಮೂವರ್‌ನಲ್ಲಿ ಇದನ್ನು ಮಾರುವಂತಿಲ್ಲ, ಯುರೋಪಿನಲ್ಲಿ ಅದಕ್ಕೂ ಮೊದಲೇ ನಿರ್ಬಂಧ ಬಂದಿತ್ತು. ಈಗ ಬೆಂಜೈಲ್ ಆಲ್ಕೋಹಾಲ್ ಇರುವ ರಿಮೂವರ್‌ಗಳು ಸಿಗುತ್ತವೆ. ನಿಧಾನ, ಕೆಲವು ಸಲ ರಾತ್ರಿಯಿಡೀ ಬಿಡಬೇಕು, ಎರಡು ಮೂರು ಸಲ ಹಚ್ಚಬೇಕು. ಅವಸರ ಇಲ್ಲದಿದ್ದರೆ ಇದೇ ಸಾಕು.

ಕಾಸ್ಟಿಕ್ ಸೋಡಾ ಆಧಾರಿತ ರಿಮೂವರ್ ಅಲ್ಯೂಮಿನಿಯಂಗೆ ಖಂಡಿತ ಬೇಡ. ಅದು ಲೋಹವನ್ನೇ ಕರಗಿಸುತ್ತದೆ, ಜೊತೆಗೆ ಹೈಡ್ರೋಜನ್ ಬಿಡುತ್ತದೆ. ಫೈಬರ್‌ಗ್ಲಾಸ್ ಬಾಡಿಗೆ, ಫೈಬರ್‌ಗೆಂದೇ ತಯಾರಿಸಿದ್ದನ್ನು ಬಿಟ್ಟು ಯಾವ ರಿಮೂವರೂ ಬೇಡ, ಬಣ್ಣದ ಜೊತೆ ಫೈಬರ್ ಹಿಡಿದಿಡುವ ರೆಸಿನ್ ಕೂಡ ಮೆತ್ತಗಾಗುತ್ತದೆ. ಅಲ್ಲಿ ಕೈಯಲ್ಲಿ ಉಜ್ಜುವುದೇ ದಾರಿ.

ನನ್ನ ಡೋರ್‌ನ ಕಥೆ ಮರುಕಳಿಸಬಾರದು ಅಂದರೆ ಅಂಚಿನಿಂದ ಒಂದೆರಡು ಬೆರಳಿನಷ್ಟು ಜಾಗಕ್ಕೆ ಟೇಪ್ ಹಾಕಿ, ಅಲ್ಲಿಗೆ ಜೆಲ್ ಹೋಗಲು ಬಿಡಬೇಡಿ. ಆ ಪಟ್ಟಿಯನ್ನು ಆಮೇಲೆ ಕೈಯಲ್ಲಿ ಉಜ್ಜಿ. ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡೈಕ್ಲೋರೋಮೀಥೇನ್‌ನಂಥ ಕ್ಲೋರಿನ್ ಇರುವ ದ್ರಾವಕದ ಪಸೆ ಸಂದಿನಲ್ಲಿ ಉಳಿದಿರುವಾಗಲೇ ಅಲ್ಲಿ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟಬಹುದು. ಸ್ವಲ್ಪವೇ ಸಾಕು, ಶ್ವಾಸಕೋಶ ಹಾಳಾಗಲು. ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ವೆಲ್ಡಿಂಗ್.

ಬ್ಲಾಸ್ಟಿಂಗ್

ಜಾಸ್ತಿ ಜಗಳ ಇರುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಮ್ಮೆ ಒಂದು ಬಾನೆಟ್ ಬ್ಲಾಸ್ಟಿಂಗ್‌ಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಬೂದು ಬಣ್ಣದಲ್ಲಿ, ಒಂದೇ ಸಮ, ಎಷ್ಟು ಚೆಂದ ಕಾಣುತ್ತಿತ್ತು! ನಡುವೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದೆ. ಟಪ್ ಅಂತ ಒಳಗೆ ಹೋಯಿತು. ಕೈ ತೆಗೆದರೆ ಟಪ್ ಅಂತ ಮೇಲೆ ಬಂತು. ಎಣ್ಣೆ ಡಬ್ಬದ ತಳ ಒತ್ತಿದ ಹಾಗೆ. ಅದನ್ನು ಸರಿಮಾಡಲು ಹಿಡಿದ ದಿನಗಳಲ್ಲಿ ಕೈಯಲ್ಲಿ ಎರಡು ಬಾನೆಟ್ ಉಜ್ಜಬಹುದಿತ್ತು.

ಬಿಸಿಯಿಂದ ಹೀಗಾಗುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಮುಖ್ಯ ಕಾರಣ ಬಿಸಿಯಲ್ಲ. ಲಕ್ಷಗಟ್ಟಲೆ ಗಟ್ಟಿ ಕಣಗಳು ತಗಡಿನ ಒಂದೇ ಮುಖಕ್ಕೆ ಪುಟ್ಟ ಪುಟ್ಟ ಸುತ್ತಿಗೆಗಳ ಹಾಗೆ ಬಡಿಯುತ್ತವೆ. ಆ ಮುಖದ ಲೋಹ ಹಿಗ್ಗುತ್ತದೆ, ಇನ್ನೊಂದು ಮುಖ ಹಾಗೇ ಇರುತ್ತದೆ. ತಗಡು ಉಬ್ಬಲೇಬೇಕು. ನೀರು ಬೆರೆಸಿದ ಬ್ಲಾಸ್ಟಿಂಗ್‌ನಲ್ಲಿ ಧೂಳು ಕಡಿಮೆ, ಬಿಸಿ ಕಡಿಮೆ, ನಿಜ. ಆದರೆ ಕಣ ಗಟ್ಟಿಯಿದ್ದು ಒತ್ತಡ ಜಾಸ್ತಿಯಿದ್ದರೆ ಅಲ್ಲೂ ತಗಡು ಹಿಗ್ಗುತ್ತದೆ.

ಹಾಗಾಗಿ ಕಣ ಯಾವುದು, ಒತ್ತಡ ಎಷ್ಟು, ಕೋನ ಯಾವುದು, ಹಿಡಿದವರ ಕೈ ಎಂಥದ್ದು, ಇಷ್ಟರ ಮೇಲೆ ಎಲ್ಲ ನಿಂತಿದೆ. ಚಾಸಿ, ಆಕ್ಸಲ್, ಸಸ್ಪೆನ್ಷನ್ ತೋಳು, ಚಕ್ರದ ರಿಮ್ ಇವೆಲ್ಲ ದಪ್ಪ ಲೋಹ. ಇವಕ್ಕೆ ಗಾರ್ನೆಟ್‌ನಂಥ ಗಟ್ಟಿ ಕಣದ ಬ್ಲಾಸ್ಟಿಂಗ್‌ಗೆ ಸಾಟಿಯೇ ಇಲ್ಲ, ಗುಳಿಗಳ ತಳದ ತುಕ್ಕೂ ಹೋಗುತ್ತದೆ. ಹೊರ ಪ್ಯಾನೆಲ್‌ಗಳಿಗೆ ಪ್ಲಾಸ್ಟಿಕ್ ಕಣ ಅಥವಾ ಸೋಡಾ. ಪ್ಲಾಸ್ಟಿಕ್ ಕಣ ಬಣ್ಣ ತೆಗೆಯುತ್ತದೆ, ತುಕ್ಕನ್ನು ಬಿಡುತ್ತದೆ. ಸೋಡಾ ಅಂದರೆ ಅದೇ ಸೋಡಿಯಂ ಬೈಕಾರ್ಬೊನೇಟ್, ಇನ್ನೂ ಮೆತ್ತಗೆ. ಅದೂ ತುಕ್ಕು ತೆಗೆಯುವುದಿಲ್ಲ. ಜೊತೆಗೆ ತಗಡಿನ ಮೇಲೆ ಕ್ಷಾರದ ಪದರ ಬಿಡುತ್ತದೆ, ಅದನ್ನು ಚೆನ್ನಾಗಿ ತೊಳೆಯದಿದ್ದರೆ ಪ್ರೈಮರ್ ಹಿಡಿಯುವುದಿಲ್ಲ. ಸಂದುಗಳೊಳಗಿನ ಸೋಡಾ ಮತ್ತೆ ನನ್ನ ಡೋರ್‌ನ ಕಥೆಯನ್ನೇ ಹೇಳುತ್ತದೆ.

ಸಾದಾ ಮರಳು ಬಳಸುವವರ ಹತ್ತಿರ ಕೊಡಲೇಬೇಡಿ, ನೀವೂ ಮಾಡಬೇಡಿ. ಮರಳಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ವಾಸಿ ಅನ್ನೋದಿಲ್ಲ. ಬ್ರಿಟನ್‌ನಲ್ಲಿ ಈ ಕೆಲಸಕ್ಕೆ ಮರಳನ್ನು 1950ರ ಸುಮಾರಿಗೇ ನಿಷೇಧಿಸಿದ್ದರು.

ಬ್ಲಾಸ್ಟಿಂಗ್ ಮಾಡುವವರನ್ನು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: "ನನ್ನ ಟಾಪ್‌ಗೂ ಚಾಸಿಗೂ ನೀವು ಏನು ಬದಲಾಯಿಸುತ್ತೀರಿ?" ಒತ್ತಡ ಇಳಿಸುತ್ತೇವೆ, ಕಣ ಬದಲಾಯಿಸುತ್ತೇವೆ, ನೇರ ಹೊಡೆಯದೆ ಓರೆಯಾಗಿ ದೂರದಿಂದ ಕೈಯಾಡಿಸುತ್ತಲೇ ಇರುತ್ತೇವೆ ಅಂತ ಹೇಳಿದರೆ ಧೈರ್ಯವಾಗಿ ಕೊಡಿ. ಎರಡಕ್ಕೂ ಒಂದೇ ಅಂದರೆ ಚಾಸಿ ಮಾತ್ರ ಕೊಟ್ಟು, ಪ್ಯಾನೆಲ್‌ಗಳನ್ನು ವಾಪಸ್ ತನ್ನಿ.

ತೊಟ್ಟಿಯಲ್ಲಿ ಅದ್ದಿಸುವುದು

ಬಾಡಿಯನ್ನು ಪೂರ್ತಿ ಬಿಚ್ಚಿ, ಬರಿ ತಗಡಿನ ಗೂಡನ್ನು ಕೆಮಿಕಲ್ ತುಂಬಿದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬಣ್ಣ, ಪುಟ್ಟಿ, ಡಾಂಬರು, ಕೆಲವು ತೊಟ್ಟಿಗಳಲ್ಲಿ ತುಕ್ಕು ಕೂಡ, ಒಳ ಪೆಟ್ಟಿಗೆಗಳವರೆಗೂ ಹೋಗುತ್ತದೆ. ಬೇರೆ ಯಾವ ವಿಧಾನವೂ ಆ ಜಾಗ ಮುಟ್ಟುವುದಿಲ್ಲ. ಸಿಲ್‌ಗಳೇ ಬಾಡಿಗೆ ಬಲ ಕೊಡುವ ಗಾಡಿಗಳಲ್ಲಿ, ಒಳಗಿನಿಂದ ಕೊಳೆತಿದ್ದರೆ ಇದನ್ನು ಗಂಭೀರವಾಗಿ ಯೋಚಿಸಬೇಕು.

ಆದರೆ ಖರ್ಚು ಎಲ್ಲಕ್ಕಿಂತ ಜಾಸ್ತಿ. ಒಳಗಿನ ಕಾರ್ಖಾನೆಯ ರಕ್ಷಣೆಯೂ ಹೋಗಿರುತ್ತದೆ, ಅಲ್ಲಿಗೆ ಮತ್ತೆ ಪ್ರೈಮರ್ ತಲುಪಿಸುವುದು ಸ್ಪ್ರೇ ಗನ್‌ನಿಂದ ಆಗದ ಕೆಲಸ. ಅದ್ದಿಸಿದ ಮೇಲೆ ವಿದ್ಯುತ್ ಲೇಪನದ (ಕರೆಂಟ್ ಹರಿಸಿ ಒಳಗೆಲ್ಲ ಹಿಡಿಸುವ) ಪ್ರೈಮರ್‌ನಲ್ಲೂ ಅದ್ದಿಸಲು ದುಡ್ಡಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಇಲ್ಲದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿ, ಉದ್ದ ನಳಿಕೆಯಿಂದ ಒಳಗೆಲ್ಲ ಮೇಣದ ಲೇಪ ಹೊಡೆಸಬೇಕಾಗುತ್ತದೆ. ಆ್ಯಸಿಡ್ ತೊಟ್ಟಿಗೆ ಸ್ಪ್ರಿಂಗ್, ಗಟ್ಟಿ ಬೋಲ್ಟ್‌ಗಳನ್ನು ಹಾಕಿಸಬೇಡಿ. ಹೈಡ್ರೋಜನ್ ಹೊಕ್ಕು ಅವು ಆಮೇಲೆ ಹಠಾತ್ತನೆ ಮುರಿಯುತ್ತವೆ.

ಸಣ್ಣ ಭಾಗಗಳಿಗೆ ಮನೆಯಲ್ಲೇ ಮಾಡುವ ತೊಟ್ಟಿ ಇದೆ. ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಒಂದು ಹಳೆ ಉಕ್ಕಿನ ಪಟ್ಟಿ. ಭಾಗವನ್ನು ಮೈನಸ್‌ಗೆ, ಪಟ್ಟಿಯನ್ನು ಪ್ಲಸ್‌ಗೆ ಜೋಡಿಸಿದರೆ ತುಕ್ಕು ಸಡಿಲವಾಗುತ್ತದೆ, ಬಣ್ಣವೂ ಏಳುತ್ತದೆ. ಹಿಂಜ್, ಬ್ರಾಕೆಟ್‌ಗಳಿಗೆ ತುಂಬಾ ಒಳ್ಳೆಯದು. ಪಟ್ಟಿ ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ಅದರಿಂದ ವಿಷದ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಏಳುತ್ತದೆ, ಬಯಲಲ್ಲಿ ಮಾಡಿ.

ಹೀಟ್ ಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೀಸದ ಬಣ್ಣಕ್ಕೆ ಬೇಡ, ಅಗಲ ಪ್ಯಾನೆಲ್‌ಗೆ ಬೇಡ. ಅಂಡರ್‌ಬಾಡಿ ಡಾಂಬರು ಕೆರೆಯಲು ಚೆನ್ನ. ಲೇಸರ್ ನೋಡಲು ಮಾಯೆ ಅನ್ನಿಸುತ್ತದೆ, ಖರ್ಚೂ ಹಾಗೇ ಇದೆ.

ಕೀಳದೆ ಬಿಡುವುದೂ ಒಂದು ಆಯ್ಕೆ

ಕಾರ್ಖಾನೆಯ ಬಣ್ಣ ಗಟ್ಟಿಯಾಗಿ ಹಿಡಿದಿದೆ, ಬಿರುಕಿಲ್ಲ, ಗುಳ್ಳೆಯಿಲ್ಲ ಅಂದರೆ ಬುಡದವರೆಗೆ ಯಾಕೆ ತೆಗೆಯಬೇಕು? ಹಾಳಾದ ಜಾಗ ಮಾತ್ರ ತೆಗೆದು, ಉಳಿದದ್ದನ್ನು ಮೇಲೆಮೇಲೆ ಉಜ್ಜಿ ಅದರ ಮೇಲೇ ಹೊಡೆಯಬಹುದು. ಕೆಲವು ಗಾಡಿಗಳಿಗೆ ಹೊಸ ಬಣ್ಣವೇ ಬೇಡ, ಮಾಸಿದ ಮೂಲ ಬಣ್ಣವನ್ನು ತೊಳೆದು ಪಾಲಿಶ್ ಮಾಡಿ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಮೂಲ ಬಣ್ಣ ಒಮ್ಮೆ ಹೋದರೆ ಯಾವ ದುಡ್ಡಿಗೂ ವಾಪಸ್ ಬರುವುದಿಲ್ಲ. ಕೀಳುವ ಮುನ್ನ ಒಂದು ರಾತ್ರಿ ಯೋಚಿಸಿ. ನಾನು ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ತಗಡು ಬೆತ್ತಲಾದ ಮೇಲೆ

ಗ್ಲೌಸ್ ಹಾಕಿ. ಧೂಳು, ಎಣ್ಣೆ ಒರೆಸಿ. 80 ನಂಬರಿನ ಗೀರು ಇರುವ ತಗಡಿಗೆ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಅದೇ ದಿನ. ತುಂಬಾ ಜನ ದಪ್ಪ ಬೂದು ಫಿಲ್ಲರ್ ಪ್ರೈಮರ್ ಹೊಡೆದು, ಮುಚ್ಚಾಯ್ತು ಅಂತ ತಿಂಗಳುಗಟ್ಟಲೆ ಬಿಡುತ್ತಾರೆ. ಅದು ಸ್ಪಂಜಿನ ಹಾಗೆ ತೇವ ಹೀರುತ್ತದೆ, ಕೆಳಗೆ ತುಕ್ಕು ಬೆಳೆಯುತ್ತದೆ. ಎಪಾಕ್ಸಿ ತೇವವನ್ನು ಒಳಗೆ ಬಿಡುವುದಿಲ್ಲ. ಆ್ಯಸಿಡ್‌ನಿಂದ ತಗಡನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಬಳಸಿದರೆ ಅದರ ಮೇಲೆ ನೇರವಾಗಿ ಪುಟ್ಟಿ ಹಾಕಬೇಡಿ. ಪುಟ್ಟಿ ಸರಿಯಾಗಿ ಕೂರುವುದಿಲ್ಲ.

ಡೆಂಟ್: ಸುತ್ತಿಗೆ, ಪುಟ್ಟಿ, ಸೀಸ

ಪುಟ್ಟಿ ಅಂದರೆ ಮೋಸ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳ್ಳೆ ಪಾಲಿಯೆಸ್ಟರ್ ಪುಟ್ಟಿ ತೆಳ್ಳಗೆ ಹಾಕಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ತಪ್ಪು ಇರುವುದು ದಪ್ಪದಲ್ಲಿ. ಮೊದಲು ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂದೆ ಒತ್ತಿ ಹಿಡಿಯುವ ಉಕ್ಕಿನ ಗಟ್ಟಿ) ತಗಡನ್ನು ಎಷ್ಟಾಗುತ್ತೋ ಅಷ್ಟು ಸರಿ ಮಾಡಿ, ಉಳಿದ 2, 3 ಮಿ.ಮೀ. ಒಳಗಿನ ತಗ್ಗಿಗೆ ಮಾತ್ರ ಪುಟ್ಟಿ. ಅದನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡ್ನರ್ ತೂಕದಲ್ಲಿ ಸುಮಾರು 2 ಪರ್ಸೆಂಟ್. ಬೇಗ ಗಟ್ಟಿಯಾಗಲಿ ಅಂತ ಜಾಸ್ತಿ ಹಾಕಿದರೆ ಸೂಜಿ ತೂತುಗಳು ಬರುತ್ತವೆ, ಮೇಲಿನ ಬಣ್ಣಕ್ಕೂ ಕಲೆ ಇಳಿಯುತ್ತದೆ.

ಸುತ್ತಿಗೆ ಕೆಲಸ ಕಲಿಯಲು ಒಂದು ಮಾತು ನೆನಪಿಟ್ಟುಕೊಳ್ಳಿ. ಡಾಲಿ ಸುತ್ತಿಗೆಯ ನೇರ ಕೆಳಗಿದ್ದರೆ ತಗಡು ಹಿಗ್ಗುತ್ತದೆ. ಡಾಲಿಯನ್ನು ತಗ್ಗಿನ ಹಿಂದೆ ಒತ್ತಿ ಹಿಡಿದು, ಪಕ್ಕದ ಉಬ್ಬಿನ ಮೇಲೆ ಮೆಲ್ಲಗೆ ಹೊಡೆದರೆ ತಗ್ಗು ಏಳುತ್ತದೆ, ಉಬ್ಬು ಇಳಿಯುತ್ತದೆ, ತಗಡು ಹಿಗ್ಗುವುದಿಲ್ಲ. ಹೊಸಬರು ಮಾಡುವ ದೊಡ್ಡ ತಪ್ಪು ಒಂದೇ ಜಾಗಕ್ಕೆ ಜೋರಾಗಿ ಹೊಡೆಯುತ್ತ ಹೋಗುವುದು. ಹಿಗ್ಗಿದ ತಗಡನ್ನು ಕುಗ್ಗಿಸಲು ಬಿಸಿ ಮಾಡಿ ತಣ್ಣಗೆ ಮಾಡಬೇಕು, ಅದಕ್ಕೆ ಕೈ ಪಳಗಿರಬೇಕು. ಹಾಗಾಗಿ ಕಲಿಯುವುದಾದರೆ ಎಸೆಯುವ ಡೋರ್ ಒಂದರ ಮೇಲೆ ಕಲಿಯಿರಿ.

ಪ್ಲಾಸ್ಟಿಕ್ ಪುಟ್ಟಿ 1950ರ ದಶಕದಲ್ಲಿ ಹರಡುವ ಮುಂಚೆ ಕಾರ್ಖಾನೆಗಳೇ ಜೋಡಣೆಗಳನ್ನು ಸೀಸದಿಂದ ತುಂಬುತ್ತಿದ್ದವು. 70 ಭಾಗ ಸೀಸ, 30 ಭಾಗ ತವರ ಇರುವ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗಲು ಶುರುವಾಗಿ ಸುಮಾರು 255ರಲ್ಲಿ ಪೂರ್ತಿ ಕರಗುತ್ತದೆ. ನಡುವಿನ ಬಿಸಿಯಲ್ಲಿ ಅದು ಮೇಣದ ಹಾಗೆ ಇರುತ್ತದೆ, ಮರದ ಪಟ್ಟಿಯಿಂದ ತಳ್ಳಿ ತೀಡಬಹುದು. ಅಂಚಿಗೆ, ತಟ್ಟು ಬೀಳುವ ಮೂಲೆಗೆ ಇದು ಪುಟ್ಟಿಗಿಂತ ಗಟ್ಟಿ. ಆದರೆ ಕಷ್ಟದ ಕೆಲಸ. ಫೈಲ್‌ನಿಂದ ಮಾತ್ರ ತೀಡಬೇಕು, ಸ್ಯಾಂಡರ್ ಹಿಡಿದರೆ ಸೀಸದ ಧೂಳು. ನಿಮ್ಮ ಗಾಡಿಯಲ್ಲಿ ಹಳೆ ಸೀಸ ಗಟ್ಟಿಯಾಗಿದ್ದರೆ ಹಾಗೇ ಬಿಡಿ. ಒಂದು ಎಚ್ಚರ, ಸೀಸ ಇರುವ ಭಾಗವನ್ನು ಪೌಡರ್ ಕೋಟಿಂಗ್‌ಗೆ (ಪುಡಿ ಬಣ್ಣ ಹಿಡಿಸಿ ಒಲೆಯಲ್ಲಿ ಕಾಯಿಸುವುದು) ಕೊಟ್ಟರೆ ಅದರ ಒಲೆ 180, 200 ಡಿಗ್ರಿಗೆ ಹೋಗುತ್ತದೆ, ಸೀಸ ಅಲ್ಲೇ ಜಾರುತ್ತದೆ. ವಿದ್ಯುತ್ ಲೇಪನದ ಒಲೆಯೂ ಅದರ ಹತ್ತಿರದ ಬಿಸಿಯದ್ದೇ. ಕೊಡುವ ಮುಂಚೆ ಕೇಳಿಕೊಳ್ಳಿ.

ತುಕ್ಕು: ಕನ್ವರ್ಟರ್, ತೇಪೆ, ಹೊಸ ಪ್ಯಾನೆಲ್

ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಒಳಗೆ ಹೋಗದಿದ್ದರೆ, ಮೇಲಿನ ತುಕ್ಕು ಕೆರೆದು ಫಾಸ್ಫಾರಿಕ್ ಆ್ಯಸಿಡ್ ಅಥವಾ ಟ್ಯಾನಿಕ್ ಆ್ಯಸಿಡ್‌ನ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಬದಲಾಯಿಸುವ ದ್ರವ) ಹಚ್ಚಬಹುದು. ಚುಚ್ಚಿದ ತುದಿ ಒಳಗೆ ಹೋಯಿತಾ? ಹಾಗಾದರೆ ಕನ್ವರ್ಟರ್‌ನಿಂದ ಏನೂ ಆಗುವುದಿಲ್ಲ, ಕತ್ತರಿಸಲೇಬೇಕು. ತೂತಿನ ಮೇಲೆ ಫೈಬರ್ ಬಟ್ಟೆ ಅಂಟಿಸುವುದು ಉಕ್ಕಿನ ಗಾಡಿಗೆ ಮದ್ದಲ್ಲ. ಹಿಂದಿನಿಂದ ತೇವ ಕೂತು ಸುತ್ತಲಿನ ಒಳ್ಳೆ ತಗಡೂ ಹೋಗುತ್ತದೆ. ಮಾರುವವರಿಗೆ ಅದು ಸಾಕು, ಇಟ್ಟುಕೊಳ್ಳುವವರಿಗೆ ಸಾಲದು.

ತೇಪೆ ಹಾಕುವುದಾದರೆ ಒಳ್ಳೆ ತಗಡು ಸಿಗುವವರೆಗೆ ಕತ್ತರಿಸಿ. ಅದೇ ದಪ್ಪದ ತಗಡು, ಮೂಲೆಗಳನ್ನು ದುಂಡಗೆ ಮಾಡಿ, ಅಂಚಿಗೆ ಅಂಚು ತಾಗಿಸಿ ವೆಲ್ಡ್ ಮಾಡಿ. ಒಂದರ ಮೇಲೊಂದು ಇಟ್ಟು ಬೆಸೆಯುವುದು ಸುಲಭ, ಆದರೆ ಅಲ್ಲೊಂದು ಹೊಸ ಸಂದು ಹುಟ್ಟಿಸಿದ ಹಾಗಾಯಿತು. ತುಕ್ಕು ಮತ್ತೆ ಅಲ್ಲಿಂದಲೇ ಶುರು. ಡೋರ್‌ನ ಕೆಳ ಭಾಗ ಪೂರ್ತಿ ಹೋಗಿದ್ದರೆ, ಸಿಲ್ ಮೂರು ನಾಲ್ಕು ಕಡೆ ಕೊಳೆತಿದ್ದರೆ ತೇಪೆಗಿಂತ ರೆಡಿ ಪ್ಯಾನೆಲ್ ಒಳ್ಳೆಯದು. ಹೊಸದಾಗಿ ತಯಾರಾದ ಪ್ಯಾನೆಲ್ ನೇರವಾಗಿ ಕೂರುವುದು ಅಪರೂಪ, ಹಾಗಾಗಿ ಹಳೆಯದನ್ನು ಕತ್ತರಿಸುವ ಮೊದಲೇ ಅದರ ಮೇಲಿಟ್ಟು ನೋಡಿ. ಸಿಲ್ ಕತ್ತರಿಸುವ ಮುನ್ನ ಡೋರ್ ಚೌಕಟ್ಟಿಗೆ ಅಡ್ಡ ಪೈಪ್ ಬೆಸೆಯಿರಿ. ಇಲ್ಲದಿದ್ದರೆ ಬಾಡಿ ಕುಸಿದು ಆಮೇಲೆ ಬಾಗಿಲೇ ಹಾಕಲು ಬರುವುದಿಲ್ಲ.

ವೆಲ್ಡಿಂಗ್‌ನಲ್ಲಿ ಮಿಗ್ (ತಂತಿ ಮೆಷಿನ್‌ನಿಂದ ತಾನಾಗೇ ಬರುವ ವಿಧಾನ) ಕಲಿಯಲು ಸುಲಭ. 0.6 ಮಿ.ಮೀ. ತಂತಿ, ಒಂದು ಚುಕ್ಕೆ ಇಲ್ಲಿ, ಇನ್ನೊಂದು ದೂರದಲ್ಲಿ, ತಣ್ಣಗಾಗಲು ಬಿಟ್ಟು ಮತ್ತೆ ನಡುವೆ. ಒಂದೇ ಎಳೆಯಲ್ಲಿ ಎಳೆದರೆ ಪ್ಯಾನೆಲ್ ಬಾಳೆ ಎಲೆಯ ಹಾಗೆ ಸುರುಳಿಯಾಗುತ್ತದೆ. ಮಿಗ್ ಬೆಸುಗೆ ಗಡಸು, ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಲು ಹೋದರೆ ಬಿರುಕು ಬಿಡಬಹುದು. ಟಿಗ್ (ತಂತಿಯನ್ನು ಕೈಯಲ್ಲೇ ಕೊಡುವ ವಿದ್ಯುತ್ ಬೆಸುಗೆ) ಮತ್ತು ಗ್ಯಾಸ್ ಬೆಸುಗೆ ಮೆತ್ತಗೆ, ತಟ್ಟಿ ತಟ್ಟಿ ಜೋಡಣೆಯೇ ಕಾಣದ ಹಾಗೆ ಮಾಡಬಹುದು. ಕಲಿಯಲು ಸಮಯ ಬೇಕು, ಗ್ಯಾಸ್‌ನಲ್ಲಿ ಬಿಸಿಯೂ ಅಗಲಕ್ಕೆ ಹರಡುತ್ತದೆ. ಪುಟ್ಟಿ ಮುಚ್ಚುವ ಕೆಳಭಾಗಕ್ಕೆ ಮಿಗ್ ಸಾಕು. ಮೇಲಿನ ಅಗಲ ಪ್ಯಾನೆಲ್‌ಗೆ ಟಿಗ್ ಬರುವವರನ್ನು ಹುಡುಕಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕ್ ಪೂರ್ತಿ ಹೊರಗೆ ತೆಗೆದು ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತದೆ.

ಯಾರಿಗೆ ಯಾವುದು

ಬಿಡುವಿನ ದಿನಗಳಲ್ಲಿ ಒಬ್ಬರೇ ಮಾಡುವವರು ಒಂದು ಪ್ಯಾನೆಲ್ ಹಿಡಿದು, ಸ್ಟ್ರಿಪ್ಪಿಂಗ್ ಡಿಸ್ಕ್‌ನಿಂದ ತೆಗೆದು, ಅದೇ ಸಂಜೆ ಎಪಾಕ್ಸಿ ಹೊಡೆದು, ಆಮೇಲೆ ಮುಂದಿನದಕ್ಕೆ ಹೋಗಲಿ. ಸೀಸದ ಬಣ್ಣ ಇದ್ದರೆ ಬೆಂಜೈಲ್ ಆಲ್ಕೋಹಾಲ್ ಜೆಲ್, ಅಂಚುಗಳಿಗೆ ಟೇಪ್, ಆ ಅಂಚುಗಳನ್ನು ನೀರು ಹಾಕಿಕೊಂಡೇ ಉಜ್ಜಿ. ಸ್ವಲ್ಪ ದುಡ್ಡು ಇದ್ದವರು ಚಾಸಿ, ರಿಮ್, ಬ್ರಾಕೆಟ್‌ಗಳನ್ನು ಬ್ಲಾಸ್ಟಿಂಗ್‌ಗೆ ಕಳಿಸಿ, ಹೊರ ಪ್ಯಾನೆಲ್‌ಗಳನ್ನು ಮನೆಯಲ್ಲೇ ಇಟ್ಟುಕೊಳ್ಳಲಿ. ನನ್ನ ಮಟ್ಟಿಗೆ ಜಾಸ್ತಿ ಜನರಿಗೆ ಹೊಂದುವ ದಾರಿ ಇದು. ಅಪರೂಪದ ಗಾಡಿ, ಸಿಲ್ ಒಳಗಿಂದ ಕೊಳೆತಿದೆ, ಖರ್ಚಿಗೆ ಹಿಂಜರಿಕೆ ಇಲ್ಲ ಅಂದರೆ ತೊಟ್ಟಿ, ಹಿಂದೆಯೇ ವಿದ್ಯುತ್ ಲೇಪನ. ಅಲ್ಯೂಮಿನಿಯಂ ಬಾಡಿಗೆ ಅಲ್ಯೂಮಿನಿಯಂಗೆ ಆಗುವ ಜೆಲ್ ಅಥವಾ ಹಗುರ ಕೈಯಲ್ಲಿ ಹೊಡೆದ ಪ್ಲಾಸ್ಟಿಕ್ ಕಣ, ಫೈಬರ್‌ಗೆ ಉಜ್ಜು ಕಾಗದ ಮತ್ತು ತಾಳ್ಮೆ.

ಇನ್ನೂ ಗೊಂದಲ ಇದ್ದರೆ ಡಿಕ್ಕಿಯ ಮುಚ್ಚಳ ಬಿಚ್ಚಿ ಒಳಮುಖದ ಒಂದು ಮೂಲೆಯಿಂದ ಶುರು ಮಾಡಿ. ಅಂಗೈ ಅಗಲ ತೆಗೆದು ನೋಡಿ, ಎಷ್ಟು ಪದರ ಇದೆ, ಕೆಳಗೆ ಏನಿದೆ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಆ ಜಾಗಕ್ಕೆ ಪ್ರೈಮರ್ ಹಚ್ಚಲು ಮಾತ್ರ ಮರೆಯಬೇಡಿ.